ದಿನಗೂಲಿಯ ದಂಡು: ‘ಬ್ಯಾಟಲ್ ಬ್ರದರ್ಸ್’ ಆಟದ ವಿಮರ್ಶೆ

ಬಾಡಿಗೆ ಸೈನಿಕರನ್ನು ಕುರಿತ ವಿಡಿಯೋ ಗೇಮ್‌ಗಳು ಸಾಮಾನ್ಯವಾಗಿ ಕತ್ತಿಯಿಂದಲೋ ಬಂದೂಕಿನಿಂದಲೋ ಶುರುವಾಗುತ್ತವೆ. ಜರ್ಮನಿಯ ಹ್ಯಾಂಬರ್ಗ್ ನಗರದ ಓವರ್‌ಹೈಪ್ ಸ್ಟುಡಿಯೋಸ್ ಎಂಬ ಸಣ್ಣ ಸಂಸ್ಥೆ ರೂಪಿಸಿದ ‘ಬ್ಯಾಟಲ್ ಬ್ರದರ್ಸ್’ ಶುರುವಾಗುವುದು ಸಂಬಳದಿಂದ. 2015ರಲ್ಲಿ ಅಪೂರ್ಣ ರೂಪದಲ್ಲಿಯೇ ಸ್ಟೀಮ್ ಎಂಬ ಆನ್‌ಲೈನ್ ಆಟದ ಮಳಿಗೆಯಲ್ಲಿ ಮಾರಾಟಕ್ಕೆ ಬಂದು, 2017ರ ಮಾರ್ಚ್‌ನಲ್ಲಿ ಪೂರ್ಣಗೊಂಡ, ಒಬ್ಬರ ನಂತರ ಒಬ್ಬರು ನಡೆ ಇಡುವ ಈ ಸರದಿಯಾಟವನ್ನು ಇಂದಿಗೂ ಹೊಸಬರು ಕೊಳ್ಳುತ್ತಿದ್ದಾರೆ, ಹಳಬರು ಬಿಟ್ಟು ಹೋಗಿ ಮತ್ತೆ ಮರಳುತ್ತಿದ್ದಾರೆ. ಇದರ ಕಾಳಗದ ವ್ಯವಸ್ಥೆ ಚೆನ್ನಾಗಿದೆ ಎಂಬುದು ಅದಕ್ಕೆ ಅರ್ಧ ಕಾರಣ ಮಾತ್ರ. ಕಾಳಗದಲ್ಲಿ ಬೀಳುವ ಪ್ರತಿಯೊಂದು ಏಟೂ ಮರುದಿನದ ಖರ್ಚಿನ ಲೆಕ್ಕಕ್ಕೆ ಬಂದು ಸೇರುವಂತೆ ಇಡೀ ಆಟವನ್ನು ಹೆಣೆದಿರುವುದು ಉಳಿದರ್ಧ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದ ಅರ್ಧ.

ಕಥೆ ತೀರಾ ಚಿಕ್ಕದು. ಹೊಗಾರ್ಟ್ ಎಂಬ ದರೋಡೆಕೋರನ ಬೆನ್ನು ಹತ್ತಿದ ತಂಡವೊಂದು ಹೊಂಚುದಾಳಿಗೆ ಸಿಕ್ಕಿ ನಾಶವಾಗುತ್ತದೆ, ಹಳೆಯ ನಾಯಕ ಸಾಯುತ್ತಾನೆ, ಉಳಿದ ಮೂವರ ಹೊಣೆ ಆಟಗಾರನ ಮೇಲೆ ಬೀಳುತ್ತದೆ. ಮಧ್ಯಯುಗದ ಜರ್ಮನ್ ಪ್ರದೇಶಗಳನ್ನು ನೆನಪಿಸುವ, ಪ್ರತಿ ಆಟಕ್ಕೂ ಹೊಸದಾಗಿ ರಚನೆಯಾಗುವ ನಕ್ಷೆಯೊಂದರಲ್ಲಿ ಹಳ್ಳಿಯಿಂದ ಹಳ್ಳಿಗೆ ಅಲೆಯುತ್ತ, ಸಿಕ್ಕ ಕೆಲಸ ಒಪ್ಪಿಕೊಂಡು, ಸತ್ತವರ ಜಾಗಕ್ಕೆ ಹೊಸಬರನ್ನು ಸೇರಿಸಿಕೊಂಡು ತಂಡವನ್ನು ಬೆಳೆಸುವುದಷ್ಟೇ ಮುಂದಿನ ಕೆಲಸ. ಲೋಕವನ್ನು ಉಳಿಸು ಎಂದು ಯಾರೂ ಕೇಳುವುದಿಲ್ಲ. ಕೆಲವು ವಾರಗಳ ಆಟದ ನಂತರ ಸಾಮಂತರ ನಡುವಿನ ಯುದ್ಧವೋ, ಆರ್ಕ್ ಮತ್ತು ಗಾಬ್ಲಿನ್ ಎಂಬ ರಾಕ್ಷಸ ಜನಾಂಗಗಳ ದಂಡಯಾತ್ರೆಯೋ, ಹೆಣಗಳೆದ್ದು ಬರುವ ಪಿಡುಗೋ ನಾಡಿನ ಮೇಲೆ ಎರಗುತ್ತದೆ ನಿಜ. ಆಗಲೂ ನಮ್ಮ ತಂಡ ಹೋರಾಡುವುದು ಕೂಲಿಗಾಗಿಯೇ.

ಈ ಕೂಲಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಆಟದ ಜೀವ ಇರುವುದು ಅಲ್ಲಿ. ಪ್ರತಿಯೊಬ್ಬ ಸೈನಿಕನಿಗೂ ದಿನಸಂಬಳವಿದೆ. ಅವನ ಅನುಭವ ಹೆಚ್ಚಿದಂತೆ ಅದೂ ಏರುತ್ತದೆ. ಎಲ್ಲರಿಗೂ ದಿನವೂ ಊಟ ಬೇಕು, ಕೊಂಡ ಧಾನ್ಯ ಮಾಂಸಗಳು ಹೆಚ್ಚು ದಿನ ಇಟ್ಟರೆ ಕೆಡುತ್ತವೆ. ಕವಚ ಮುರಿದರೆ ಅದನ್ನು ಸರಿಪಡಿಸಲು ಸಲಕರಣೆ, ಗಾಯವಾದರೆ ಮದ್ದು, ಬಿಲ್ಲುಗಾರರಿಗೆ ಬಾಣ, ಹೀಗೆ ಖರ್ಚಿನ ಬಾಬುಗಳು ಒಂದರ ಹಿಂದೊಂದು ಬರುತ್ತವೆ. ಎರಡು ಊರುಗಳ ನಡುವಿನ ನಡಿಗೆಗೆ ಮೂರು ದಿನ ಬೇಕೆಂದರೆ ಮೂರು ದಿನದ ಸಂಬಳ ರಸ್ತೆಯ ಮೇಲೆಯೇ ಕರಗಿತು ಎಂದರ್ಥ. ಆದ್ದರಿಂದ ದೂರದ ಊರಿನ ದೊಡ್ಡ ಮೊತ್ತದ ಕೆಲಸಕ್ಕಿಂತ ಹತ್ತಿರದ ಸಣ್ಣ ಕೆಲಸ ಎಷ್ಟೋ ಸಲ ಲಾಭದಾಯಕವಾಗಿರುತ್ತದೆ. ಸಂಬಳ ತಪ್ಪಿದರೆ ಸೈನಿಕರ ಮನಸ್ಸು ಕೆಡುತ್ತದೆ, ಮನಸ್ಸು ಕೆಟ್ಟವರು ಹೇಳದೆ ಕೇಳದೆ ತಂಡ ಬಿಟ್ಟು ಹೋಗುತ್ತಾರೆ.

ಕೆಲಸ ಒಪ್ಪಿಕೊಳ್ಳುವ ಮೊದಲು ಚೌಕಾಸಿಗೆ ಅವಕಾಶವಿದೆ. ಹೆಚ್ಚು ಕೇಳಬಹುದು, ಮುಂಗಡ ಕೇಳಬಹುದು, ಕೆಲವು ಕೆಲಸಗಳಲ್ಲಿ ಕೊಂದ ತಲೆಗೆ ಇಷ್ಟು ಎಂದು ಮಾತಾಡಿಕೊಳ್ಳಬಹುದು. ಎಳೆದಾಟ ಅತಿಯಾದರೆ ಊರ ಯಜಮಾನ ಬಾಗಿಲು ತೋರಿಸುತ್ತಾನೆ. ಕೆಲಸದ ಕಷ್ಟವನ್ನು ತಲೆಬುರುಡೆಗಳ ಚಿತ್ರದಿಂದ ಸೂಚಿಸುತ್ತಾರಾದರೂ ಅದು ಅಂದಾಜು ಮಾತ್ರ. ಒಂದು ಬುರುಡೆಯ ಕೆಲಸವೆಂದು ಹೋದವರಿಗೆ ಸ್ಮಶಾನದಲ್ಲಿ ಏನು ಕಾದಿದೆಯೆಂಬುದು ಹೋದ ಮೇಲೆಯೇ ತಿಳಿಯುವುದು. ಹೀಗಾಗಿ ಈ ಆಟದಲ್ಲಿ ನಾಯಕನಿಗೆ ಬೇಕಾದ ಮೊದಲ ಕೌಶಲ ಬೇಡ ಎನ್ನುವುದು. ಎರಡನೆಯದು, ಹೋದ ಮೇಲೂ ತಿರುಗಿ ಬರುವುದು. ಒಪ್ಪಿದ ಕೆಲಸ ಬಿಟ್ಟರೆ ಹೆಸರು ಕೆಡುತ್ತದೆ, ಮುಂದಿನ ಕೂಲಿ ಇಳಿಯುತ್ತದೆ. ಬಿಡದಿದ್ದರೆ ತಂಡವೇ ಉಳಿಯದಿರಬಹುದು. ಬೇರೆ ಆಟಗಳಲ್ಲಿ ಸೋಲಿನ ಗುರುತಾದ ಹಿಮ್ಮೆಟ್ಟುವಿಕೆ ಇಲ್ಲಿ ವ್ಯವಹಾರದ ಒಂದು ಭಾಗ. ಆದರೆ ಅದೂ ಪುಕ್ಕಟೆಯಲ್ಲ: ಕಾಳಗದ ನಕ್ಷೆಯ ಅಂಚು ಮುಟ್ಟಿದವನಷ್ಟೇ ಬದುಕುತ್ತಾನೆ, ಶತ್ರುವಿನ ಕೈಗೆಟಕುವಷ್ಟು ಹತ್ತಿರ ನಿಂತವನು ಅಲ್ಲಿಂದ ಕದಲಲು ಹೋದರೆ ಶತ್ರುವಿಗೆ ಒಂದು ಏಟು ಬಿಟ್ಟಿಯಾಗಿ ಸಿಗುತ್ತದೆ.

ಕಾಳಗ ನಡೆಯುವುದು ಷಟ್ಕೋನದ ಮನೆಗಳ ಮೇಲೆ. ಒಮ್ಮೆಗೆ ಹನ್ನೆರಡು ಮಂದಿಯನ್ನು ಕಣಕ್ಕಿಳಿಸಬಹುದು, ಉಳಿದವರು ಕಾಯ್ದಿರಿಸಿದ ಪಡೆಯಾಗಿರುತ್ತಾರೆ. ನೋಡಲು ಎಲ್ಲರೂ ಚದುರಂಗದ ಕಾಯಿಗಳಂತೆ ಎದೆಮಟ್ಟದ ಆಕೃತಿಗಳು, ಒಬ್ಬನಿಗೂ ಕಾಲಿಲ್ಲ. ಮೊದಲ ನೋಟಕ್ಕೆ ಇದು ಬಡತನದಂತೆ ಕಾಣುತ್ತದೆ. ಆದರೆ ಕವಚದ ಬಿರುಕು, ಹಣೆಯ ಪಟ್ಟಿ, ಸೀಳಿದ ಗುರಾಣಿ, ಕಳೆದುಕೊಂಡ ಕಣ್ಣು ಎಲ್ಲವೂ ಆ ಪುಟ್ಟ ಆಕೃತಿಯ ಮೇಲೆಯೇ ಕಾಣಿಸಿಕೊಳ್ಳುವುದರಿಂದ, ಯಾರ ಸ್ಥಿತಿ ಹೇಗಿದೆಯೆಂದು ತಿಳಿಯಲು ಅಂಕಿಗಳನ್ನು ಓದಬೇಕಾಗಿಯೇ ಇಲ್ಲ.

ಪ್ರತಿ ಸರದಿಯಲ್ಲಿ ಒಬ್ಬನಿಗೆ ಸಿಗುವುದು ಒಂಬತ್ತು ಕ್ರಿಯಾ ಅಂಕಗಳು. ಒಂದು ಕೈಯ ಆಯುಧಕ್ಕೆ ನಾಲ್ಕು ಖರ್ಚಾದರೆ ಎರಡು ಕೈಯ ಆಯುಧಕ್ಕೆ ಆರು; ಅಂದರೆ ಕತ್ತಿಗುರಾಣಿಯವನು ಒಂದು ಸರದಿಯಲ್ಲಿ ಎರಡು ಸಲ ಬೀಸಬಲ್ಲ, ಹಿರಿಗತ್ತಿ ಹಿಡಿದವನು ಒಂದು ಸಲ ಬೀಸಿ ಸಮತಟ್ಟಿನಲ್ಲಿ ಒಂದು ಹೆಜ್ಜೆ ಇಡಬಲ್ಲ. ಇದರ ಜೊತೆಗೆ ಬಳಲಿಕೆಯೆಂಬ ಇನ್ನೊಂದು ಲೆಕ್ಕವಿದೆ. ಪ್ರತಿ ಹೆಜ್ಜೆಯೂ ಪ್ರತಿ ಏಟೂ ಬಳಲಿಕೆಯನ್ನು ಹೆಚ್ಚಿಸುತ್ತದೆ, ಸರದಿಗೆ ಹದಿನೈದರಷ್ಟು ಮಾತ್ರ ಅದು ಇಳಿಯುತ್ತದೆ, ಕವಚ ಭಾರವಾದಷ್ಟೂ ತಾಳಿಕೊಳ್ಳುವ ಶಕ್ತಿ ಕಡಿಮೆ. ಕಬ್ಬಿಣ ಹೊದ್ದು ಮೆರೆಯುವ ಯೋಧ ಐದಾರು ಸರದಿ ಕಳೆಯುವಷ್ಟರಲ್ಲಿ ಕತ್ತಿ ಎತ್ತಲಾರದೆ ನಿಲ್ಲುವುದನ್ನು ನೋಡಿದಾಗ, ಒಳ್ಳೆಯ ಕವಚ ಕೊಂಡರೆ ಸಾಕು ಎಂಬ ಭ್ರಮೆ ಹರಿಯುತ್ತದೆ.

ಆಯುಧಗಳಲ್ಲಿ ಮೇಲುಕೀಳಿಗಿಂತ ಸ್ವಭಾವಭೇದ ಹೆಚ್ಚು. ಈಟಿ ಗುರಿ ತಪ್ಪುವುದು ಕಡಿಮೆ, ಹತ್ತಿರ ಬರುವವರನ್ನು ತಡೆದು ನಿಲ್ಲಿಸುತ್ತದೆ, ಆದರೆ ಅದರ ಏಟಿಗೆ ಬಲವಿಲ್ಲ. ಕೊಡಲಿ ಗುರಾಣಿಯನ್ನು ಸೀಳುತ್ತದೆ, ಸುತ್ತಿಗೆ ಕವಚವನ್ನು ಜಜ್ಜುತ್ತದೆ, ಗದೆ ಎದುರಾಳಿಯ ತಲೆ ತಿರುಗಿಸುತ್ತದೆ, ಸರಪಳಿ ಕಟ್ಟಿದ ಗುಂಡು ಗುರಾಣಿಯನ್ನು ಲೆಕ್ಕಿಸುವುದಿಲ್ಲ. ಉದ್ದ ಹಿಡಿಯ ಆಯುಧಗಳು ಮುಂದಿನ ಸಾಲಿನವನ ಹೆಗಲ ಮೇಲಿಂದ ಎರಡು ಮನೆ ಆಚೆಗೆ ತಲುಪುತ್ತವೆ. ಇನ್ನು ಅಗ್ಗಕ್ಕೆ ಸಿಗುವ, ಹೊಸಬರು ಮಾರಿಬಿಡುವ ಆಯುಧ ಬಾಕು. ಈ ವಿಮರ್ಶೆಯಲ್ಲಿ ಒಂದೇ ಒಂದು ಉದಾಹರಣೆ ಕೊಡಬೇಕೆಂದರೆ ನಾನು ಆರಿಸುವುದು ಅದನ್ನೇ.

ಆಟದ ಮೊದಲ ಭಾಗದಲ್ಲಿ ಒಳ್ಳೆಯ ಕವಚ ಕೊಳ್ಳುವಷ್ಟು ಹಣ ತಂಡದ ಬಳಿ ಇರುವುದಿಲ್ಲ. ದರೋಡೆಕೋರರ ಮೈಮೇಲೆ ಅದಿದೆ. ಆದರೆ ಅವರನ್ನು ಕೊಡಲಿಯಿಂದ ಸುತ್ತಿಗೆಯಿಂದ ಕೊಂದರೆ ಅವರೊಂದಿಗೆ ಕವಚವೂ ಚಿಂದಿಯಾಗುತ್ತದೆ. ತೀರಾ ಹಾಳಾದದ್ದು ಲೂಟಿಯಲ್ಲಿ ಸಿಗುವುದೇ ಇಲ್ಲ. ಬಾಕುವಿನಲ್ಲಿ ಕವಚದ ಸಂದಿಗೆ ತಿವಿಯುವ ವಿಶೇಷ ಏಟೊಂದಿದೆ: ಗುರಿ ತಪ್ಪುವ ಸಂಭವ ಹೆಚ್ಚು, ಆದರೆ ತಾಗಿದರೆ ಕವಚಕ್ಕೆ ಒಂದು ಗೀರೂ ಆಗದೆ ನೇರ ಮೈಗೆ ಇಳಿಯುತ್ತದೆ. ಆದ್ದರಿಂದ ಅನುಭವಿ ಆಟಗಾರ ಗೆದ್ದ ಕಾಳಗವನ್ನು ಅಲ್ಲಿಗೇ ಮುಗಿಸುವುದಿಲ್ಲ. ಕೊನೆಗೆ ಉಳಿದ ಒಳ್ಳೆಯ ಕವಚದ ಶತ್ರುವಿನ ಮೇಲೆ ಬಲೆ ಎಸೆದು, ಸುತ್ತಲೂ ಐದಾರು ಮಂದಿಯನ್ನು ನಿಲ್ಲಿಸಿ, ಎಲ್ಲರ ಕೈಗೂ ಬಾಕು ಕೊಟ್ಟು ತಿವಿಸುತ್ತಾನೆ. ಸುತ್ತುವರಿದ ಪ್ರತಿ ಹೆಚ್ಚುವರಿ ಸೈನಿಕನಿಂದ ಏಟು ತಾಗುವ ಸಂಭವ ಶೇ. 5ರಷ್ಟು ಏರುವುದೂ ಇದಕ್ಕೆ ಅನುಕೂಲ. ನೋಡಲು ಅಸಹ್ಯ ಹುಟ್ಟಿಸುವ ದೃಶ್ಯವಿದು. ಅಷ್ಟರಲ್ಲಿ ಆ ಶತ್ರು ಸುಮ್ಮನಿರುವುದೂ ಇಲ್ಲ. ಒಂದು ಕವಚದ ಆಸೆಗೆ ಇನ್ನೆರಡು ಸರದಿ ಎಳೆದು ನುರಿತ ಸೈನಿಕನೊಬ್ಬನನ್ನು ಕಳೆದುಕೊಳ್ಳುವ ಸಾಧ್ಯತೆ ಸದಾ ಇದ್ದೇ ಇದೆ. ಒಬ್ಬನ ಪ್ರಾಣ ಎಷ್ಟು ಕ್ರೌನ್ (ಆಟದೊಳಗಿನ ನಾಣ್ಯ) ಬಾಳುತ್ತದೆ ಎಂಬ ಪ್ರಶ್ನೆಯನ್ನು ಆಟ ಬಾಯಿಬಿಟ್ಟು ಕೇಳುವುದಿಲ್ಲ. ಬಾಕುವನ್ನು ಕೈಗೆ ಕೊಟ್ಟು, ಕವಚದ ಬೆಲೆಯನ್ನು ಅಂಗಡಿಯಲ್ಲಿ ಬರೆದಿಟ್ಟು ಸುಮ್ಮನಾಗುತ್ತದೆ.

ತಂಡಕ್ಕೆ ಸೇರುವವರ ಬಗ್ಗೆಯೂ ಇದೇ ಧೋರಣೆ. ರೈತ, ಮೀನುಗಾರ, ಇಲಿ ಹಿಡಿಯುವವನು, ಭಿಕ್ಷುಕ, ಕುಂಟ, ಸನ್ಯಾಸಿ, ಕೊಲೆ ಮಾಡಿ ತಲೆಮರೆಸಿಕೊಂಡವನು, ಸಾಹಸ ಬಯಸಿ ಮನೆ ಬಿಟ್ಟ ಸಿರಿವಂತರ ಮಗ, ಇವರೆಲ್ಲ ಊರೂರುಗಳಲ್ಲಿ ಕೆಲಸ ಕೇಳಿಕೊಂಡು ನಿಂತಿರುತ್ತಾರೆ. ಹಿಂದಿನ ಕಸುಬಿಗೆ ತಕ್ಕಂತೆ ಸಾಮರ್ಥ್ಯವೂ ಬೇಡಿಕೆಯ ಹಣವೂ ಬದಲಾಗುತ್ತವೆ. ಸ್ವಲ್ಪ ಹಣ ಕೊಟ್ಟರೆ ಒಬ್ಬನನ್ನು ಪರೀಕ್ಷಿಸಿ ಅವನು ಕುಡುಕನೋ, ಉಬ್ಬಸದವನೋ, ಹೇಡಿಯೋ, ಉಕ್ಕಿನ ಶ್ವಾಸಕೋಶದವನೋ ಎಂದು ತಿಳಿಯಬಹುದು. ಮುಂದೆ ಅವನು ಯಾವುದರಲ್ಲಿ ಬೆಳೆಯುತ್ತಾನೆ ಎಂಬುದನ್ನು ತೋರಿಸುವ ನಕ್ಷತ್ರಗಳು ಮಾತ್ರ ಸೇರಿಸಿಕೊಂಡ ಮೇಲೆಯೇ ಕಾಣುವುದು. ಪ್ರತಿ ಲೆವೆಲ್‌ಗೆ ಎಂಟು ಗುಣಗಳಲ್ಲಿ ಮೂರನ್ನು ಮಾತ್ರ ಹೆಚ್ಚಿಸಬಹುದಾದ್ದರಿಂದ, ಎಲ್ಲದರಲ್ಲೂ ಗಟ್ಟಿಗನಾದವನು ಸಿಗುವುದು ಅಪರೂಪ. ಅಗ್ಗಕ್ಕೆ ಸಿಕ್ಕ ಮೀನುಗಾರನೊಬ್ಬ ಮೂರು ನಕ್ಷತ್ರದ ರಕ್ಷಣಾ ಗುಣ ಹೊತ್ತು ಬಂದು ತಂಡದ ಗೋಡೆಯಾಗಿ ನಿಲ್ಲುವುದುಂಟು, ಸಾವಿರಾರು ಕ್ರೌನ್ ಸುರಿದು ತಂದ ಯೋಧ ಎರಡನೆಯ ಕಾಳಗದಲ್ಲಿ ಶಿರಸ್ತ್ರಾಣ ಸೀಳಿ ಬೀಳುವುದೂ ಉಂಟು.

ಬಿದ್ದವರೆಲ್ಲ ಸಾಯುವುದಿಲ್ಲ. ಕೆಲವರು ಕಣ್ಣನ್ನೋ ಮೂಗನ್ನೋ ಕಳೆದುಕೊಂಡು, ಇಲ್ಲವೇ ಜೀವನಪೂರ್ತಿ ಉಳಿಯುವ ಇನ್ನಾವುದೋ ಊನದೊಂದಿಗೆ ಎದ್ದು ಬರುತ್ತಾರೆ. ಆಗ ಅವರನ್ನು ಇಟ್ಟುಕೊಳ್ಳಬೇಕೇ ಕಳಿಸಿಬಿಡಬೇಕೇ ಎಂಬ ನಿರ್ಧಾರ ನಾಯಕನದು. ಸತ್ತವರ ಹೆಸರು ಒಂದು ಪಟ್ಟಿಗೆ ಸೇರುತ್ತದೆ: ಎಷ್ಟು ದಿನ ತಂಡದಲ್ಲಿದ್ದ, ಎಷ್ಟು ಕಾಳಗ ಮಾಡಿದ, ಎಷ್ಟು ಮಂದಿಯನ್ನು ಕೊಂದ, ಯಾರ ಕೈಯಿಂದ ಸತ್ತ. ಒಂದೊಂದು ಹೆಸರಿಗೆ ಒಂದು ಸಾಲು, ಅಷ್ಟೆ.

ಇಲ್ಲಿ ಈ ಪ್ರಕಾರದ ಹಿರಿಯ ಆಟವಾದ ‘ಜಾಗ್ಡ್ ಅಲಯನ್ಸ್ 2’ರೊಂದಿಗೆ ಹೋಲಿಸುವುದು ಅನಿವಾರ್ಯ. ಕೆನಡಾದ ಸರ್‌ಟೆಕ್ 1999ರಲ್ಲಿ ಹೊರತಂದ ಆ ಆಟದಲ್ಲಿ ಪ್ರತಿಯೊಬ್ಬ ಬಾಡಿಗೆ ಸೈನಿಕನಿಗೂ ಹೆಸರು, ದನಿ, ಹಟ, ಪರಸ್ಪರ ಜಗಳ ಇದ್ದವು. ಇಂಥವನಿದ್ದರೆ ನಾನು ಬರುವುದಿಲ್ಲ ಎಂದು ವಿಡಿಯೋ ಕರೆಯಲ್ಲೇ ಹೇಳುವವರಿದ್ದರು. ‘ಬ್ಯಾಟಲ್ ಬ್ರದರ್ಸ್’ನಲ್ಲಿ ಅಂಥ ವ್ಯಕ್ತಿತ್ವವಿಲ್ಲ. ನಡುನಡುವೆ ಬರುವ ಸಣ್ಣ ಪ್ರಸಂಗಗಳಲ್ಲಿ ಒಬ್ಬ ಕುಡಿದು ಗಲಾಟೆ ಮಾಡುತ್ತಾನೆ, ಇನ್ನೊಬ್ಬ ಹಳೆಯ ವೈರಿಯನ್ನು ಕಾಣುತ್ತಾನೆ, ಆದರೆ ಆ ಮಾತು ಯಾರ ಬಾಯಿಂದಲಾದರೂ ಬರಬಹುದಾದದ್ದು. ಸಾವು ಇಷ್ಟು ಅಗ್ಗವಾಗಿರುವ ಆಟಕ್ಕೆ ಗಾಢ ಪಾತ್ರಗಳು ಹೊಂದುತ್ತಿರಲಿಲ್ಲ ಎಂದು ಸಮರ್ಥಿಸಬಹುದು, ನಾನು ಅರ್ಧ ಒಪ್ಪುತ್ತೇನೆ. ಸೇರಿಸಿಕೊಳ್ಳಬಹುದಾದವರಲ್ಲಿ ಹೆಂಗಸರೇ ಇಲ್ಲದಿರುವುದಕ್ಕೆ ಮಾತ್ರ ಒಪ್ಪುವಂಥ ಸಮರ್ಥನೆ ಕಾಣೆ. ಹೆಣಗಳೆದ್ದು ನಡೆಯುವ ನಾಡಿನಲ್ಲಿ ಚರಿತ್ರೆಯ ನೆಪ ಹೇಳಲಾಗದು, ಅಭಿಮಾನಿಗಳು ರೂಪಿಸಿದ ‘ಲೆಜೆಂಡ್ಸ್’ ಮಾರ್ಪಾಟಿನಲ್ಲಿ ಈ ಕೊರತೆ ತುಂಬಿದೆಯೆಂಬುದೇ ಅದು ಸಾಧ್ಯವಿತ್ತು ಎಂಬುದಕ್ಕೆ ಸಾಕ್ಷಿ.

ಏಟು ತಾಗುವ ಸಂಭವದ ವಿಷಯದಲ್ಲಿ ಈ ಆಟಕ್ಕೆ ಕೆಟ್ಟ ಹೆಸರಿದೆ. ಪ್ರತಿ ಏಟಿಗೂ ಮುನ್ನ ಶೇಕಡಾವಾರು ಅಂಕಿ ತೋರಿಸುತ್ತಾರೆ, ಅದು 5ಕ್ಕಿಂತ ಕೆಳಗೆ ಇಳಿಯುವುದಿಲ್ಲ, 95ಕ್ಕಿಂತ ಮೇಲೆ ಏರುವುದಿಲ್ಲ. ಹಾಗೆಂದರೆ ಎಷ್ಟೇ ಬಲಿಷ್ಠನಾದರೂ ಇಪ್ಪತ್ತರಲ್ಲಿ ಒಂದು ಏಟು ತಪ್ಪಬಹುದು, ಎಷ್ಟೇ ದುರ್ಬಲ ಶತ್ರುವಿಗೂ ಇಪ್ಪತ್ತರಲ್ಲಿ ಒಂದು ಅದೃಷ್ಟವಿದೆ. ನೂರಾರು ಏಟು ಬೀಳುವ ಕಾಳಗಗಳಲ್ಲಿ ಈ ಇಪ್ಪತ್ತರಲ್ಲೊಂದು ಪದೇ ಪದೇ ಬರುತ್ತದೆ. ಏಟು ತಲೆಗೆ ಬೀಳುವ ಸಂಭವ ಸಾಮಾನ್ಯವಾಗಿ ನಾಲ್ಕರಲ್ಲೊಂದು, ಬಿದ್ದರೆ ಹಾನಿ ಒಂದೂವರೆ ಪಟ್ಟು. ಆಟ ಮೋಸ ಮಾಡುತ್ತದೆ ಎಂದು ಸಿಡುಕುವವರ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಎತ್ತರದ ನೆಲ, ಗುರಾಣಿ, ಸುತ್ತುವರಿದವರ ಸಂಖ್ಯೆ ಇತ್ಯಾದಿ ಯಾವ ಕಾರಣದಿಂದ ಅಂಕಿ ಏರಿತು ಇಳಿಯಿತು ಎಂಬುದನ್ನು ಬಿಡಿಸಿ ತೋರಿಸುವ ಆಟವನ್ನು ಮೋಸಗಾರ ಎನ್ನಲಾಗದು. 2023ರಲ್ಲಿ ಬಲ್ಗೇರಿಯಾದ ಹೇಮಿಮಾಂಟ್ ಗೇಮ್ಸ್ ತಂದ ‘ಜಾಗ್ಡ್ ಅಲಯನ್ಸ್ 3’ ಇದಕ್ಕೆ ವಿರುದ್ಧ ದಾರಿ ಹಿಡಿದು, ಶೇಕಡಾ ಅಂಕಿಯನ್ನೇ ಮರೆಮಾಡಿ, ಅನುಕೂಲ ಅನನುಕೂಲಗಳನ್ನು ಮಾತ್ರ ತೋರಿಸಿತು. ಅಲ್ಲಿ ಆಟಗಾರ ಊಹೆಯ ಮೇಲೆ ಗುಂಡು ಹಾರಿಸುತ್ತಾನೆ. ವ್ಯಾಪಾರಿಯಂತೆ ಯೋಚಿಸಲು ಕಲಿಸುವ ಆಟಕ್ಕೆ ಅಂಕಿ ಕಣ್ಣೆದುರು ಇರುವುದೇ ಸರಿ ಎಂದು ನನಗನ್ನಿಸುತ್ತದೆ.

ಶತ್ರುಗಳ ವೈವಿಧ್ಯ ಆಟದ ದೊಡ್ಡ ಬಲ. ನಾಖ್‌ತ್ಸೇರರ್, ಆಲ್ಪ್, ಶ್ರಾಟ್, ಉನ್‌ಹೋಲ್ಡ್ ಮೊದಲಾದವು ಜರ್ಮನ್ ಜನಪದದಿಂದ ಬಂದ ಹೆಸರುಗಳು. ಹೆಣ ತಿಂದು ಬೆಳೆಯುವ ನಾಖ್‌ತ್ಸೇರರ್‌ಗಳೆದುರು ಕೊಲ್ಲುವ ಅನುಕ್ರಮವೇ ಮುಖ್ಯ, ಏಕೆಂದರೆ ಬಿದ್ದ ಪ್ರತಿ ಹೆಣವೂ ಉಳಿದವಕ್ಕೆ ಆಹಾರ. ಶವಗಳನ್ನು ಎಬ್ಬಿಸುವ ಮಾಂತ್ರಿಕನಿದ್ದರೆ ಈಗಷ್ಟೇ ಸತ್ತ ನಮ್ಮವನೇ, ನಾವೇ ಕೊಡಿಸಿದ ಕವಚ ತೊಟ್ಟು, ನಮ್ಮ ಕಡೆಗೆ ತಿರುಗುತ್ತಾನೆ. ತಲೆ ಕಡಿದ ಹೆಣ ಮಾತ್ರ ಏಳುವುದಿಲ್ಲ. ಗಾಬ್ಲಿನ್‌ಗಳು ದೂರದಿಂದ ವಿಷದ ಬಾಣ ಬಿಟ್ಟು ಸತಾಯಿಸುತ್ತವೆ, ಆರ್ಕ್‌ಗಳು ಮುನ್ನುಗ್ಗಿ ಸಾಲನ್ನೇ ತಳ್ಳಿ ಮುರಿಯುತ್ತವೆ. ಒಂದು ಗುಂಪಿನೆದುರು ಪಳಗಿದ ವ್ಯೂಹ ಇನ್ನೊಂದರೆದುರು ಕೆಲಸಕ್ಕೆ ಬಾರದು. ಜೊತೆಗಾರ ಬಿದ್ದಾಗ ಸುತ್ತಲಿನವರ ಸ್ಥೈರ್ಯ ಪರೀಕ್ಷೆಗೊಳಗಾಗುವುದರಿಂದ, ಒಂದು ಸಾವು ಎರಡು ಪಲಾಯನಗಳಿಗೆ, ಆ ಪಲಾಯನಗಳು ಇನ್ನೊಂದು ಸಾವಿಗೆ ದಾರಿಯಾಗುವ ಕಾಳಗಗಳನ್ನು ಇಲ್ಲಿ ಕಾಣದವರಿಲ್ಲ.

ಆಟದ ಕೊನೆಯ ಭಾಗ ಮಾತ್ರ ಇಷ್ಟೇ ಹುರುಪಿನಿಂದ ಹೊಗಳುವಂಥದಲ್ಲ. ಆರಂಭದಲ್ಲಿ ಉಸಿರುಗಟ್ಟಿಸುತ್ತಿದ್ದ ಸಂಬಳದ ಚಿಂತೆ, ತಂಡ ಗಟ್ಟಿಯಾದ ಮೇಲೆ ಕರಗಿಹೋಗುತ್ತದೆ. ಕೈಯಲ್ಲಿ ಹತ್ತಾರು ಸಾವಿರ ಕ್ರೌನ್ ಇರುವಾಗ ಊಟದ ಲೆಕ್ಕ ಯಾರಿಗೂ ಬೇಡ. ಆಗ ಉಳಿಯುವುದು ದೊಡ್ಡ ದೊಡ್ಡ ಕಾಳಗಗಳು ಮಾತ್ರ, ಅವುಗಳಲ್ಲಿ ಶತ್ರುಗಳು ಒಬ್ಬೊಬ್ಬರಾಗಿ ಹೆಜ್ಜೆಯಿಡುವುದನ್ನು ಕಾಯುತ್ತ ಕೂರಬೇಕು. ಕೆಲಸಗಳ ವಿವರಣೆ ಮರುಕಳಿಸಿ, ಅದೇ ಬೆಂಗಾವಲು, ಅದೇ ಕದ್ದ ವಸ್ತು, ಅದೇ ಸ್ಮಶಾನ ಎಂಬ ಏಕತಾನ ಮೂಡುತ್ತದೆ. ಆಟದೊಳಗಿನ ಮಾರ್ಗದರ್ಶನವೂ ಸಾಲದು. ಹಗುರ ಕವಚದವನಿಗೂ ಭಾರ ಕವಚದವನಿಗೂ ಯಾವ ಯಾವ ಕೌಶಲ ಹೊಂದುತ್ತದೆ ಎಂಬಂಥ ಮೂಲಭೂತ ಸಂಗತಿಗೂ ಹೊರಗಿನ ಬರಹಗಳನ್ನು ಹುಡುಕಬೇಕಾಗುತ್ತದೆ.

ಕೊಳ್ಳುವವರಿಗೆ ಕೆಲವು ಮಾತು. ಎರಡು ಆಯಾಮದ ಚಿತ್ರಗಳ ಆಟವಾದ್ದರಿಂದ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಕನ್ನಡದಲ್ಲಿ ಲಭ್ಯವಿಲ್ಲ, ಓದುವುದು ಬಹಳವಿದೆ, ಆ ಗದ್ಯ ಹಳೆಗಾಲದ ಒರಟು ಇಂಗ್ಲಿಷಿನದು. ನಿಂಟೆಂಡೊ ಸ್ವಿಚ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಿಗೂ ಆಟ ಬಂದಿದೆಯಾದರೂ, ಹೆಜ್ಜೆಹೆಜ್ಜೆಗೂ ವಿವರದ ಚೌಕಟ್ಟುಗಳನ್ನು ತೆರೆದು ನೋಡಬೇಕಾದ ಕಾರಣ ಮೌಸ್ ಇರುವ ಕಂಪ್ಯೂಟರೇ ಅನುಕೂಲ. ವಿಸ್ತರಣೆಗಳಲ್ಲಿ 2018ರ ‘ಬೀಸ್ಟ್ಸ್ ಆ್ಯಂಡ್ ಎಕ್ಸ್‌ಪ್ಲೊರೇಷನ್’ ಹೊಸ ಮೃಗಗಳನ್ನೂ ನಕ್ಷೆಯ ಮೂಲೆಗಳಿಗೆ ಹೋಗಲು ಕಾರಣವನ್ನೂ ಕೊಡುತ್ತದೆ. 2019ರ ‘ವಾರಿಯರ್ಸ್ ಆಫ್ ದಿ ನಾರ್ತ್’ ಬೇರೆ ಬೇರೆ ಬಗೆಯ ಆರಂಭಗಳನ್ನು ತಂದಿತು: ಹನ್ನೆರಡರ ಬದಲು ಹದಿನಾರು ಮಂದಿಯನ್ನು ಕಣಕ್ಕಿಳಿಸಬಲ್ಲ ಬಡ ರೈತರ ಪಡೆ, ಸತ್ತರೆ ಆಟವೇ ಮುಗಿಯುವ ಒಂಟಿ ಯೋಧ ಹೀಗೆ. 2020ರ ‘ಬ್ಲೇಜಿಂಗ್ ಡೆಸರ್ಟ್ಸ್’ ದಕ್ಷಿಣದ ಮರುಭೂಮಿಯ ನಗರಗಳನ್ನು, ಮಲ್ಲರಂಗವನ್ನು, ಸಿಡಿಮದ್ದಿನ ಆಯುಧಗಳನ್ನು ಸೇರಿಸಿತು. ಮೊದಲು ಮೂಲ ಆಟವೊಂದನ್ನೇ ಕೊಂಡು, ಮೊದಲ ಹತ್ತಿಪ್ಪತ್ತು ಸಾವುಗಳ ನಂತರವೂ ಆಸಕ್ತಿ ಉಳಿದರೆ ‘ವಾರಿಯರ್ಸ್ ಆಫ್ ದಿ ನಾರ್ತ್’ ಸೇರಿಸಿಕೊಳ್ಳುವುದು ನನ್ನ ಸಲಹೆ. ಅದು ಆರಂಭದ ಬಡತನವನ್ನು ಹಲವು ಬಗೆಯಲ್ಲಿ ಮತ್ತೆ ಮತ್ತೆ ಆಡಲು ಬಿಡುತ್ತದೆ, ಈ ಆಟದಲ್ಲಿ ಸವಿಯಿರುವುದೂ ಆ ಭಾಗದಲ್ಲೇ. ಬೇಕೆಂದಾಗ ಸೇವ್ ಮಾಡಲು ಬಿಡದ ಐರನ್‌ಮ್ಯಾನ್ ಆಯ್ಕೆಯನ್ನು ಮೊದಲ ಸಲ ಮುಟ್ಟದಿರುವುದೂ, ಕಷ್ಟದ ಮಟ್ಟವನ್ನು ತೀರಾ ಕೆಳಗಿನದಕ್ಕೇ ಇಟ್ಟುಕೊಳ್ಳುವುದೂ ಒಳ್ಳೆಯದು. ಆ ಕೆಳಗಿನ ಮಟ್ಟದಲ್ಲೂ ಹೊಗಾರ್ಟ್‌ನ ಕೈಯಲ್ಲಿ ಹೊಸಬರು ಸಾಕಷ್ಟು ಮಂದಿ ಸೋಲುತ್ತಾರೆ.